ಖಾಲಿ ಬಿಡುವ ಸಂಗೀತ

ನನ್ನ ಡೈರಿಯಲ್ಲಿ ಮೇ ತಿಂಗಳ ಆ ಶನಿವಾರದ ಪುಟದ ಮೇಲ್ಗಡೆ, ಎಂದಿನಂತೆ, ಹಿಂದಿನ ರಾತ್ರಿ ದೊಡ್ಡಪ್ಪನಿಗೆ ಬಂದ ಕೆಮ್ಮಿನ ಲೆಕ್ಕಕ್ಕೆ ಗೀಟು ಹಾಕಿದ್ದೇನೆ. ಆಸ್ಪತ್ರೆಯಲ್ಲಿ ಕೇಳುತ್ತಿದ್ದರು, ಹಾಗಾಗಿ ಆ ಬೇಸಿಗೆಯಲ್ಲಿ ಅದು ನನ್ನ ಕೆಲಸ. ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು. ಹರೆಯದಿಂದಲೂ ಮದುವೆ ವಾಲಗದಲ್ಲಿ ಸ್ಯಾಕ್ಸೋಫೋನ್ ಊದಿದವರು. ಇನ್ನು ಊದುವುದೇ ಬೇಡ ಅಂದಿದ್ದ ಡಾಕ್ಟರು, ಬಹಳ ಕೇಳಿಕೊಂಡ ಮೇಲೆ, ಈ ಶನಿವಾರ, ಭಾನುವಾರ ಮಾತ್ರ, ದಿನಕ್ಕೆ ಹತ್ತು ನಿಮಿಷ ಮೀರದಂತೆ ಎಂದು ಒಪ್ಪಿದ್ದರು.

ಯಲಹಂಕದಾಚೆ ಒಂದು ಬಯಲಿನಲ್ಲಿ ಜಾಝ್ ಉತ್ಸವವಿತ್ತು. ಹೆಬ್ಬಾಳದ ಛತ್ರವೊಂದರಲ್ಲಿ ದೊಡ್ಡಪ್ಪ ಊದುವುದನ್ನು ಕೇಳಿದ್ದ ಡ್ರಮ್ಸ್ ಹುಡುಗನೊಬ್ಬ ಕೋಗಿಲಿನ ನಮ್ಮ ಮನೆಗೇ ಬಂದು ಕರೆದಿದ್ದ. ಶನಿವಾರ ಅವನ ತಂಡದ ಜೊತೆ, ಭಾನುವಾರ ಸಂಜೆ ಅದೇ ತಂಡ ಹಿಂದಿರಲು ದೊಡ್ಡಪ್ಪನದೇ ಮೋಹನ ರಾಗ. ಛತ್ರಗಳಲ್ಲಿ ಅವರು ಊದುವಾಗ ಜನ ಊಟದ ಪಂಕ್ತಿಯತ್ತ ನೋಡುತ್ತಿದ್ದರು. ದೊಡ್ಡಮ್ಮ ಕೂಡ ಒಂದು ದಿನ ಕೂತು ಕೇಳಿದವರಲ್ಲ. ಭಾನುವಾರ ಅವರು ಬಂದು ಮುಂದೆ ಕೂರಬೇಕು, ಪೂರ್ತಿ ಕೇಳಬೇಕು. ದೊಡ್ಡಪ್ಪನಿಗೆ ಬೇಕಿದ್ದದ್ದು ಅಷ್ಟೇ.

ಶನಿವಾರ ಮಧ್ಯಾಹ್ನ, ಸುಡುವ ಶಾಮಿಯಾನದ ಕೆಳಗೆ, ಹುಡುಗ ತಮ್ಮ ಪದ್ಧತಿ ವಿವರಿಸಿದ. ಒಬ್ಬೊಬ್ಬರು ಸರದಿಯ ಮೇಲೆ ನುಡಿಸುತ್ತಾರೆ, ಉಳಿದವರು ಜಾಗ ಬಿಡುತ್ತಾರೆ.

“ನಿಮ್ ಟರ್ನ್ ಮುಗಿದ್ಮೇಲೆ ಸುಮ್ನೆ ನಿಂತ್ಕೊಳ್ಳಿ ಅಂಕಲ್. ಗ್ಯಾಪ್ ಬಂದ್ರೆ ಬರ್ಲಿ, ಬಿಟ್ಬಿಡಿ.”

“ಗ್ಯಾಪ್ ಬಿಟ್ರೆ ನಮ್ಮನ್ನ ಇನ್ನೊಂದ್ ಮದ್ವೆಗೆ ಕರಿಯಲ್ಲ ಕಣಪ್ಪಾ,” ಎಂದು ದೊಡ್ಡಪ್ಪ ನಕ್ಕರು.

ಅದು ತಮಾಷೆಯಾಗಿರಲಿಲ್ಲ. ತಾಳಿ ಕಟ್ಟುವಾಗ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ ಊದಿಸುವುದು. ಊದುವವನ ಉಸಿರು ನಿಂತರೆ ಡೋಲಿನವನು ಜೋರಾಗಿ ಬಾರಿಸಿ ಮುಚ್ಚಬೇಕು. ಮೌನ ಬೀಳಬಾರದು.

ವೇದಿಕೆಯ ಮೇಲೆ ಗಿಟಾರು ತಗ್ಗಿದಾಗಲೆಲ್ಲ ಆ ಖಾಲಿ ಜಾಗವನ್ನು ದೊಡ್ಡಪ್ಪ ಊದಿ ತುಂಬಿದರು. ಬೇರೆಯವರ ಸರದಿಯಲ್ಲೂ ಊದಿದರು. ಜನ ಶಿಳ್ಳೆ ಹೊಡೆದರು. ನಾನು ಪಕ್ಕದಲ್ಲಿ ನಿಂತು ಮೊಬೈಲಿನ ಗಡಿಯಾರ ತೋರಿಸಿದೆ. ಅವರು ನೋಡಿ ಕಣ್ಣು ಮುಚ್ಚಿಕೊಂಡರು. ಹತ್ತು ನಿಮಿಷ ಯಾವಾಗಲೋ ದಾಟಿತ್ತು. ಇಳಿದು ಬಂದಾಗ ತುಟಿ ನೀಲಿಗಟ್ಟಿತ್ತು.

“ಮಧ್ಯ ಮಧ್ಯ ಖಾಲಿ ಬಿಡ್ತವ್ರೆ ಮಗಾ. ಎಂಗ್ ನೋಡ್ಕೊಂಡಿರೋದು?”

ಭಾನುವಾರ ಬೆಳಗ್ಗೆ ಗೀಟುಗಳು ಸಾಲು ದಾಟಿದ್ದವು. ಹೋಗುವುದು ಬೇಡವೆಂದೆ. ಅವರು ವಾದ್ಯ ಒರೆಸುತ್ತಾ, ದೊಡ್ಡಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ ಎಂದಷ್ಟೇ ಹೇಳಿದರು.

ಸಂಜೆ ಜನ ನಿಜಕ್ಕೂ ಸುಮ್ಮನೆ ಕೂತಿದ್ದರು. ಮೋಹನ ಚೆನ್ನಾಗಿಯೇ ಶುರುವಾಯಿತು. ಮೊದಲ ಸಾಲಿನಲ್ಲಿ ನನ್ನ ಪಕ್ಕ ದೊಡ್ಡಮ್ಮ ಅಲುಗಾಡದೆ ಕೇಳುತ್ತಿದ್ದರು. ಮೇಲಿನ ಷಡ್ಜಕ್ಕೆ ಹೋದಾಗ ನಾದ ಒಡೆಯಿತು. ದೊಡ್ಡಪ್ಪ ವಾದ್ಯವನ್ನು ಬಾಯಿಂದ ತೆಗೆದರು.

ಡೋಲಿನವನಾಗಿದ್ದರೆ ತಕ್ಷಣ ಬಾರಿಸಿಬಿಡುತ್ತಿದ್ದ. ಆದರೆ ದೊಡ್ಡಪ್ಪ ಕೊನೆಗೂ ಜಾಗ ಬಿಡಲು ಕಲಿತರೆಂದುಕೊಂಡ ಡ್ರಮ್ಸ್ ಹುಡುಗ ಗೌರವದಿಂದ ಕಡ್ಡಿಗಳನ್ನು ಮೇಲೆತ್ತಿ ಕಾದ. ಗಿಟಾರಿನವನೂ ಕೈ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಕೆಮ್ಮು ಶುರುವಾಯಿತು. ಮೈಕು ಅದನ್ನು ಹಿಂದಿನ ತಿಂಡಿ ಅಂಗಡಿಗಳವರೆಗೂ ಒಯ್ದಿತು. ಬಾರಿಸು ಎಂದು ನಾನು ಕೈಸನ್ನೆ ಮಾಡಿದೆ. ಅವನಿಗೆ ತಿಳಿಯಲಿಲ್ಲ. ಕೇಳಲು ಬಂದ ಜನ ಅದನ್ನೂ ಕೇಳುತ್ತಾ ಕೂತರು.

ದೊಡ್ಡಮ್ಮ ಎದ್ದು ನಿಂತರು. ಒಬ್ಬರೇ ಚಪ್ಪಾಳೆ ತಟ್ಟತೊಡಗಿದರು, ಜೋರಾಗಿ, ಒಂದೇ ಸಮನೆ, ಮುಖದಲ್ಲಿ ಸಂತೋಷದ ಸುಳಿವೂ ಇಲ್ಲದೆ. ಹಿಂದಿನವರು ಮೆಚ್ಚುಗೆಯೆಂದುಕೊಂಡು ಸೇರಿಕೊಂಡರು. ಕೆಮ್ಮು ಅದರಡಿ ಮುಚ್ಚಿಹೋಯಿತು. ದೊಡ್ಡಪ್ಪನ ಭುಜಗಳು ಕುಲುಕುವುದು ನಿಲ್ಲುವವರೆಗೂ ದೊಡ್ಡಮ್ಮ ಕೈ ನಿಲ್ಲಿಸಲಿಲ್ಲ.

ಆಮೇಲೆ ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ಯಾರೂ ತೆರೆದಿಲ್ಲ. ಭಾನುವಾರ ಸಂಜೆ ಎಷ್ಟು ಹೊತ್ತು ಕೆಮ್ಮಿದರೆಂದು ಆಸ್ಪತ್ರೆಯಲ್ಲಿ ಕೇಳಿದರು. ಕೇಳಿಸಲಿಲ್ಲ ಎಂದೆ.