ಸುಕನ್ಯಳ ಮೂರನೆಯ ತಪ್ಪು

ಸುಕನ್ಯ ಒಂದು ಕಡೆ ಕಾಲೂರಿ ನಿಂತದ್ದನ್ನು ಕಂಡವರಿಲ್ಲ. ಅವಳ ಕೆಲಸವೇ ಅಂಥದ್ದು. ಯಾವುದೋ ಕಂಪನಿ ಯಾರನ್ನೋ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಅವರ ಮುಖ ಇವರು ಕಂಡಿಲ್ಲ, ಇವರ ಬಾಗಿಲು ಅವರು ತುಳಿದಿಲ್ಲ. ಫೋನಿನಲ್ಲಿ ಕಳಿಸಿದ ಆಧಾರ್, ವಿಳಾಸ ಎಲ್ಲ ನಿಜವೇ ಎಂದು ಮನೆಬಾಗಿಲಿಗೆ ಹೋಗಿ ನೋಡಿ ಬರುವವಳು ಇವಳು. ಹಲಸೂರಿನಿಂದ ಕೆ.ಆರ್. ಪುರದವರೆಗೆ ದಿನಕ್ಕೆ ಇಪ್ಪತ್ತು ಮನೆ. ಒಂಬತ್ತು ವರ್ಷದಲ್ಲಿ ಸ್ಕೂಟರ್ ಎರಡು ಬದಲಾದವು, ಅವಳ ಅವಸರ ಬದಲಾಗಲಿಲ್ಲ.

ಆ ಶುಕ್ರವಾರ ಹಲಸೂರಿನ ಹಳೇ ಬೀದಿಯ ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದ ಜಗಲಿಯಲ್ಲಿ ಮುನಿಶಾಮಮ್ಮ ಎಂಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಿ, ಈ ಮನೇಲಿ ಜಗದೀಶ್ ಅಂತ ಇದಾರಾ?"

"ಜಗದೀಶನಾ? ಆ ಹೆಸ್ರೋರು ಈ ಬೀದೀಲೇ ಯಾರೂ ಇಲ್ಲ ಕಣಮ್ಮ."

ಇಬ್ಬರು ನೆರೆಯವರನ್ನು ಕೇಳಬೇಕೆಂಬುದು ನಿಯಮ. ಸುಕನ್ಯ ಒಬ್ಬರನ್ನು ಕೇಳಿ, ಫೋನಿನಲ್ಲಿ 'ಈ ವಿಳಾಸದಲ್ಲಿ ಇಲ್ಲ' ಎಂದು ಒತ್ತಿ ಗಾಡಿ ತಿರುಗಿಸಿದಳು. ಹಾಗೆ ಒತ್ತಿದರೆ ಸೋಮವಾರ ಸೇರಬೇಕಾದವನ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ದೊಮ್ಮಲೂರು ಮೇಲ್ಸೇತುವೆಯ ಹತ್ತಿರ ಅಮ್ಮನ ಫೋನು ಬಂತು. "ಪುಟ್ಟೀ, ಊಟ ಆಯ್ತೇನೇ?"

ನಲವತ್ತಮೂರು ತುಂಬಿದ ಮಗಳನ್ನು ಅಮ್ಮ ಇವತ್ತಿಗೂ ಸುಕನ್ಯ ಎಂದಿಲ್ಲ. ತವರಿನ ಬೀದಿಯಲ್ಲಿ ಸುಕನ್ಯ ಎಲ್ಲಿ ಎಂದು ಕೇಳಿದರೆ ಅಲ್ಲೂ ಯಾರೂ ಇಲ್ಲವೆನ್ನುತ್ತಾರೆ. ಆ ಜಗದೀಶನಿಗೂ ಬೀದಿಯಲ್ಲಿ ಬೇರೆ ಹೆಸರಿದ್ದರೆ? ತನ್ನನ್ನು ತಾನೇ ಬೈದುಕೊಳ್ಳುತ್ತ ಬಂದ ದಾರಿಗೇ ಮರಳಿದಳು.

ಅವಳ ಫೋನಿನಲ್ಲಿದ್ದ ಜಗದೀಶನ ಫೋಟೋ ನೋಡಿದ್ದೇ ಮುನಿಶಾಮಮ್ಮ ಹೌಹಾರಿದರು. "ಅಯ್ಯೋ, ಇವ್ನು ನಮ್ ಗುಂಡ! ನನ್ ಮಗಳ ಮಗ! ಸ್ಕೂಲಲ್ಲಿ ಬರ್ಸಿದ ಹೆಸ್ರಲ್ಲಿ ಅವನ್ನ ಯಾರಮ್ಮ ಕರೀತಾರೆ? ಸೋಮವಾರ ಕೆಲಸಕ್ಕೆ ಹೋಗ್ಬೇಕು ಅಂತ ತಾಯಿ-ಮಗ ಷರ್ಟ್ ತರೋಕೆ ಶಿವಾಜಿನಗರಕ್ಕೆ ಹೋಗವ್ರೆ."

ಸುಕನ್ಯ ಆಫೀಸಿನ ಪ್ರೇಮ್‌ಕುಮಾರನಿಗೆ ಫೋನು ಮಾಡಿದಳು.

"ಕ್ಲೋಸ್ ಆದ ಕೇಸ್ ಮತ್ತೆ ಓಪನ್ ಮಾಡ್ಬೇಕಂದ್ರೆ ತಪ್ಪು ನಂದೇ ಅಂತ ನೀವು ಬರೀಬೇಕು ಮೇಡಂ," ಎಂದ ಅವನು. "ಇದು ನಿಮ್ಮ ಮೂರನೇ ತಪ್ಪು, ಒಂದು ತಿಂಗಳು ಕೆಲಸ ಸಿಗಲ್ಲ. ಸುಮ್ನಿದ್ಬಿಡಿ, ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಆದರೆ ಮುನಿಶಾಮಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಸುಕನ್ಯ ಫೋನಿನಲ್ಲಿ ಬರೆದಳು: ತಪ್ಪು ನನ್ನದು, ಒಬ್ಬರನ್ನೇ ಕೇಳಿದೆ.

ಬರೆದವಳು ಸುಕನ್ಯಳೇ ಎಂದು ಖಾತ್ರಿ ಮಾಡಿಕೊಳ್ಳಲು ಫೋನು ಮುಖ ತೋರಿಸೆಂದಿತು. ತೋರಿಸಿದಳು. ಹೊಂದುತ್ತಿಲ್ಲ ಎಂದಿತು. ಮತ್ತೆ ತೋರಿಸಿದಳು, ಮತ್ತೆ ಅದೇ. ಒಂಬತ್ತು ವರ್ಷ ಊರಿನವರನ್ನೆಲ್ಲ ಹೌದು, ಅಲ್ಲ ಎಂದವಳನ್ನು ಈಗ ಅವಳ ಫೋನೇ ಅಲ್ಲ ಎನ್ನುತ್ತಿತ್ತು.

"ಬೆವರು ನೋಡು, ಕಣ್ಣೀರು ನೋಡು," ಎಂದು ಮುನಿಶಾಮಮ್ಮ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. "ಈಗ ತೋರ್ಸು."

ಹಸಿರು ಗುರುತು ಬಂತು. ಜಗದೀಶನ ಕೇಸು ತೆರೆಯಿತು. ಅದರ ಬೆನ್ನಿಗೇ ಸುಕನ್ಯಳ ಆ ದಿನದ ಉಳಿದ ಹನ್ನೊಂದು ಮನೆಗಳು ಪರದೆಯಿಂದ ಮಾಯವಾದವು.

ಹೋಗುವುದಕ್ಕೆ ಇನ್ನು ಯಾವ ಮನೆಯೂ ಇರಲಿಲ್ಲ. ಅವಳು ಜಗಲಿಯ ಮೇಲೆ ಕೂತಳು. ಮುನಿಶಾಮಮ್ಮ ಅವರೆಕಾಯಿಯ ಮೊರವನ್ನು ಅವಳತ್ತ ಸರಿಸಿದರು.

"ಅದ್ಸರಿ, ನೀನ್ಯಾರ ಮಗಳಮ್ಮ?"

"ದೊಮ್ಮಲೂರು ದೊಡ್ಡಮುನಿಯಪ್ಪನವರ ಮಗಳು. ಪುಟ್ಟಿ ಅಂತಾರೆ."

"ಬಂದ್ ತಕ್ಷಣ ಹಂಗಂದಿದ್ರೆ," ಎಂದರು ಮುನಿಶಾಮಮ್ಮ, "ಯಾರನ್ನ ಹುಡುಕ್ತಿದೀಯಾ ಅಂತ ನಾನೇ ಕೂರ್ಸಿ ಕೇಳ್ತಿದ್ನಲ್ಲಮ್ಮ."