ವಾಲಿದ ಮರ, ಬಿದ್ದ ಕಾಯಿ

ಬೆಳಿಗ್ಗೆ ನನ್ನ ಹೆಂಡತಿ ಅಮ್ಮನಿಗೆ ತುರುಬು ಕಟ್ಟುತ್ತಿದ್ದಳು. ಕೊಬ್ಬರಿ ಎಣ್ಣೆಯ ವಾಸನೆ ಪಡಸಾಲೆಗೂ ಬಂತು. ಆ ವಾಸನೆಗೆ ನಿಮಗೆ ಯಾರ ನೆನಪಾಗುತ್ತದೋ ಕಾಣೆ, ನನಗೆ ಮಾತ್ರ ಸಿಟ್ಟು ಬರುತ್ತದೆ. ಅಮ್ಮನ ಬಲಗೈ ಹೆಗಲಿನಿಂದ ಮೇಲಕ್ಕೆ ಏಳುವುದಿಲ್ಲ.

ತಿಪಟೂರು ಸೀಮೆಯವರಾದ ನಾವು ತೆಂಗಿನ ಮರವನ್ನು ಬೈಯುವವರಲ್ಲ. ಬೆಳಕು ಕಂಡ ಕಡೆಗೆ ಅದು ವಾಲುತ್ತದೆ, ಮರದ್ದೇನು ತಪ್ಪು? ಪಕ್ಕದ ಮನೆಯ ಗಂಗಣ್ಣನ ಮರವೂ ಬೇಲಿಯಾಚೆ ಬುಡ ಇಟ್ಟುಕೊಂಡು ತಲೆಯನ್ನು ನಮ್ಮ ಕೊಟ್ಟಿಗೆಯ ಮೇಲೆ ಚಾಚಿತ್ತು. ಗಂಗಣ್ಣ ಹಿರಿಯ, ಬಹುವಚನ ಕೊಡಬೇಕು. ಆದರೆ ನನಗೆ ಬಾಯಿ ಬರುವುದಿಲ್ಲ, ಕ್ಷಮಿಸಿ. ಕಾಯಿ ಬಿದ್ದು ಬಿದ್ದು ನಮ್ಮ ಹೆಂಚು ಒಡೆಯುತ್ತಿದ್ದವು. ಅಪ್ಪ ಹೋಗಿ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಫಲ ಬಿಡೋ ಮರ ಕಣ್ಲಾ, ಕಡಿಯಕ್ಕಾಯ್ತದಾ?" ಅಪ್ಪ "ಹೋಗ್ಲಿ ಬುಡು" ಎಂದು ವಾಪಸು ಬರುತ್ತಿದ್ದರು. ಊರೆಲ್ಲ ಅವರ ತಾಳ್ಮೆಯನ್ನು ಹೊಗಳುತ್ತಿತ್ತು. ನನಗೆ ಮೈಯುರಿಯುತ್ತಿತ್ತು.

ಒಂದು ಮಧ್ಯಾಹ್ನ ಹಸುವಿಗೆ ನೀರಿಡಲು ಹೋದ ಅಮ್ಮನ ಹೆಗಲ ಮೇಲೆಯೇ ಹೆಂಚು ತೂರಿಕೊಂಡು ಕಾಯಿ ಬಿತ್ತು. ಮೂಳೆ ಮುರಿದು ಅವಳು ಜಗಲಿಯಲ್ಲಿ ನರಳುತ್ತಿದ್ದಳು. ನಾವು ಆಟೋಗೆ ಕಾಯುತ್ತಿದ್ದೆವು. ಅಷ್ಟರಲ್ಲಿ ಗಂಗಣ್ಣ ಬಂದ. ವಿಚಾರಿಸಲು ಬಂದನೆಂದುಕೊಂಡೆ. ಅವನು ನೆಟ್ಟಗೆ ಕೊಟ್ಟಿಗೆಗೆ ನುಗ್ಗಿ ಆ ಕಾಯಿಯನ್ನು ಎತ್ತಿಕೊಂಡು ಹೊರಬಂದ.

"ಮರ ನಂದು ಅಂದಮ್ಯಾಕೆ ಕಾಯಿನೂ ನಂದೇಯ. ಕಾನೂನೇ ಹಂಗೈತೆ."

ಅಮ್ಮ ಕಣ್ಣು ತೆರೆದಳು. "ತಗೊಂಡೋಗಪ್ಪ. ಒಬ್ಬಟ್ಟು ಮಾಡ್ಕಂಡು ಉಣ್ಣು."

ಅವನು ನಿಜವಾಗಿಯೂ ತೆಗೆದುಕೊಂಡು ಹೋದ!

ವಕೀಲರ ಹತ್ತಿರ ಹೋದೆ. "ಕಾಯಿ ವಿಷ್ಯದಲ್ಲಿ ಅವ್ರು ಹೇಳಿದ್ದು ಸರಿ ಕಣ್ರೀ" ಎಂದರು. "ನಿಮ್ಮ ಕಡೆ ಚಾಚಿರೋ ಗರೀನ ನೀವು ಕಡೀಬಹುದು. ಆದ್ರೆ ನಿಮ್ಮ ನೆಲದಲ್ಲೇ ನಿಂತು ಕಡೀಬೇಕು, ಬೇಲಿ ದಾಟಂಗಿಲ್ಲ." ಮುಗಿಲಲ್ಲಿರುವ ಗರಿಯನ್ನು ಕೊಟ್ಟಿಗೆ ಬಾಗಿಲಲ್ಲಿ ನಿಂತು ಕಡಿಯಬೇಕಂತೆ. ನಾನೇನು ತ್ರಿವಿಕ್ರಮನೆ? ನನ್ನ ಮುಖ ನೋಡಿ ಅವರೇ, "ಜೀವಕ್ಕೆ ಅಪಾಯ ಇರೋ ಮರಾನ ತೆಗೆಸಿಕೊಡಿ ಅಂತ ಅಧಿಕಾರಿಗಳಿಗೆ ಅರ್ಜಿ ಹಾಕಿ" ಎಂದರು.

ಅಪ್ಪ ತಡೆದರು. "ನೆರೆಹೊರೆ ಕಣ್ಲಾ, ನಾಳೆ ಮುಖ ನೋಡಬೇಕು."

"ಮೊದ್ಲು ಅಮ್ಮನ ಮುಖ ನೋಡಿ" ಎಂದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಅಲೆದಾಡಿಸಿ ಅಲೆದಾಡಿಸಿ ಕೊನೆಗೂ ಆದೇಶ ಬಂತು. ಮರ ಉರುಳಿದಾಗ ಗಂಗಣ್ಣ ಅದರ ಪಕ್ಕ ಕೂತು ಗೊಳೋ ಎಂದು ಅತ್ತ. ಅಮ್ಮನ ಹೆಗಲು ಮುರಿದಾಗ ಆ ಕಣ್ಣೀರು ಎಲ್ಲಿತ್ತೋ! ಸಾಯುವವರೆಗೂ ಅವನು ನಮ್ಮೊಡನೆ ಮಾತಾಡಲಿಲ್ಲ. ನಮಗೇನೂ ನಷ್ಟವಾಗಲಿಲ್ಲ.

ಇಷ್ಟೆಲ್ಲ ನೆನೆದು ತಲೆ ಬಿಸಿಯಾಗಿ ಹಿತ್ತಲಿಗೆ ಹೋದೆ. ನೋಡಿದರೆ ಗಂಗಣ್ಣನ ಮಗ ಬೇಲಿಗೆ ಅಂಟಿಕೊಂಡೇ ತೆಂಗಿನ ಸಸಿಗೆ ಗುಂಡಿ ತೋಡುತ್ತಿದ್ದಾನೆ.

"ಅಲ್ಲಿ ಬ್ಯಾಡ ಕಣಪ್ಪ. ಒಳಕ್ಕೆ ತೋಡು."

"ಸಸಿ ತಾನೆ ಅಣ್ಣ, ನೆಟ್ಟಗೇ ಬೆಳೀತದೆ ಬುಡು."

"ಬುಡಾಕಿಲ್ಲ" ಎಂದೆ.

ಅವನು ಗೊಣಗುತ್ತಲೇ ಗುದ್ದಲಿ ಎತ್ತಿಕೊಂಡ. ಆ ಗುಂಡಿ ಮುಚ್ಚಿ, ತೋಟದ ನಡುವೆ ಇನ್ನೊಂದು ತೋಡಿ, ಸಸಿ ಇಟ್ಟು ನೀರು ಹುಯ್ಯುವವರೆಗೂ ನಾನು ಬೇಲಿಯ ಈಚೆ ನಿಂತೇ ಇದ್ದೆ. ಕಾಫಿ ಆರಿಹೋಯ್ತು ಎಂದು ಹೆಂಡತಿ ಒಳಗಿನಿಂದ ಕೂಗಿದಳು. ನಾನು ಅಲುಗಲಿಲ್ಲ.