ದೇರಾದ ಹಿಂಬೀದಿಯಲ್ಲಿ ಥಾಯ್ ಊಟ

ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಮುಂಬೈ ಸುತ್ತುವ ಕಷ್ಟ ತಪ್ಪಿತ್ತು. ಮುಂಜಾನೆ ನಮ್ಮೂರು ಮಡಂತ್ಯಾರಿನಿಂದ ಜೀಪು ಹೊರಡುವಾಗ, ನಾನು ಮಾಮಿ ಎಂದು ಕರೆಯುವ ಅತ್ತೆ ಅದರ ಬಾಗಿಲು ಹಿಡಿದುಕೊಂಡು, "ನಸೀಮಾ, ಈ ಸಲ ಅವನನ್ನು ಕರಕೊಂಡೇ ಬಾ. ಅವನ ಅಣ್ಣನೊಟ್ಟಿಗೆ ಬಟ್ಟೆ ಅಂಗಡಿಯಲ್ಲಿ ಕೂತ್ಕೊಳ್ಳಲಿ" ಎಂದರು. ನನ್ನ ಆಸೆಯೂ ಅದೇ ಆಗಿತ್ತು. ಮದುವೆಯಾದಂದಿನಿಂದ ನನ್ನ ಗಂಡ ಇಸ್ಮಾಯಿಲ್ ರಜೆಗೆ ಬಂದುಹೋಗುವ ನೆಂಟರಂತೆಯೇ ಇದ್ದರು. "ಹೋಟೆಲಿನಲ್ಲಿ ಕೆಲಸ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ನಾನೂ ಕೇಳಿರಲಿಲ್ಲ.

ವಿಮಾನದಿಂದ ಇಳಿದಾಗ ಒಲೆಯ ಬಾಯಿಗೆ ಮುಖವೊಡ್ಡಿದ ಹಾಗಾಯಿತು. ದುಬೈಯ ಹಳೇ ಪೇಟೆ ದೇರಾದಲ್ಲಿ ಗಂಡನ ಸ್ನೇಹಿತರೊಬ್ಬರು ಕೋಣೆ ಬಿಟ್ಟುಕೊಟ್ಟಿದ್ದರು. ಮೊದಲ ಕೆಲವು ದಿನ ಕಡಲ ಕಾಲುವೆಯ ದೋಣಿ, ಚಿನ್ನದ ಅಂಗಡಿ ನೋಡಿದ್ದಾಯಿತು. ಅತ್ತೆಯ ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದವರು, "ನಮ್ಮ ಹೋಟೆಲಿಗೇ ಊಟಕ್ಕೆ ಹೋಗುವ" ಎಂದರು.

ಹಿಂಬೀದಿಯಲ್ಲಿ, ಕ್ಷೌರದಂಗಡಿಯ ಪಕ್ಕ, ಏಳೆಂಟು ಮೇಜಿನ ಸಣ್ಣ ಥಾಯ್ ಹೋಟೆಲು. ಒಡತಿ ವಯಸ್ಸಾದ ಥಾಯ್ ಹೆಂಗಸು. ಕೈಜೋಡಿಸಿ ನಕ್ಕು ನನ್ನನ್ನು ಮೂಲೆಯ ಮೇಜಿಗೆ ಕೂರಿಸಿದರು. ಪಕ್ಕದಲ್ಲಿ ಕೂರುವರೆಂದುಕೊಂಡಿದ್ದ ನನ್ನ ಗಂಡ ಏಪ್ರನ್ ಕಟ್ಟಿಕೊಂಡು ಒಳಗೆ ನಡೆದರು. ಅಡುಗೆಮನೆ ಅರ್ಧಗೋಡೆಯಾಚೆ ಪೂರ್ತಿ ಕಾಣುತ್ತಿತ್ತು.

ಊರಿನಲ್ಲಿ ಚಾ ಕೂಡ ಮಾಡಿಕೊಳ್ಳದ ಮನುಷ್ಯ! ಇಲ್ಲಿ ಬಾಣಲೆಯಿಂದ ಬೆಂಕಿ ಎದ್ದರೂ ಹಿಂದೆ ಸರಿಯಲಿಲ್ಲ. ಒಂದು ಕೈ ಬಾಣಲೆ ಕುಲುಕುತ್ತಿತ್ತು, ಇನ್ನೊಂದು ಕೈ ನೋಡದೆಯೇ ಸರಿಯಾದ ಬಟ್ಟಲಿಗೆ ಹೋಗುತ್ತಿತ್ತು. ಹಸಿ ಬಪ್ಪಂಗಾಯಿಯನ್ನು, ಅದೇ ಪಪ್ಪಾಯಿಯನ್ನು, ಎಳೆಎಳೆಯಾಗಿ ಹೆರೆದು, ಹಸಿಮೆಣಸು, ಲಿಂಬೆರಸ, ಬೆಲ್ಲ, ನೆಲಗಡಲೆ ಸೇರಿಸಿ ಮರದ ಒರಳಿನಲ್ಲಿ ಮೆತ್ತಗೆ ಕುಟ್ಟಿದರು. ನಾವು ಪಲ್ಯ ಮಾಡುವ ಕಾಯಿ ಹೀಗೂ ಆಗುತ್ತದೆಯೇ ಎಂದು, ತಟ್ಟೆ ಬಂದೊಡನೆ ಬಾಯಿಗಿಟ್ಟೆ. ಹುಳಿ, ಖಾರ, ಸಿಹಿ ಒಟ್ಟಿಗೇ ನುಗ್ಗಿ ಕಣ್ಣಲ್ಲಿ ನೀರು ಬಂತು. ಆದರೂ ಕೈ ನಿಲ್ಲಲಿಲ್ಲ. ಆಮೇಲೆ ತೆಂಗಿನಹಾಲಿನ ಕೋಳಿ ಸಾರು ಬಂತು. ತೆಂಗು ನಮ್ಮದೇ ತೆಂಗು, ಪರಿಮಳ ಮಾತ್ರ ಯಾವುದೋ ದೇಶದ್ದು.

ಎದುರಿನ ಮೇಜಿನಲ್ಲಿ ಮೂವರು ಥಾಯ್ ಕೆಲಸಗಾರರಿದ್ದರು. ಅವರಲ್ಲಿ ಹಿರಿಯವ ಸಾರು ಕುಡಿದು ಏನೋ ಕೂಗಿದ. ಇಸ್ಮಾಯಿಲ್ ಹೊರಬಂದು, ಅವರದೇ ಭಾಷೆಯಲ್ಲಿ ಉತ್ತರಿಸಿ, ಅವನ ಬಟ್ಟಲಿಗೆ ಅರ್ಧ ಲಿಂಬೆ ಹಿಂಡಿ, ಕೈಕಟ್ಟಿ ನಿಂತರು. ಆತ ಮತ್ತೆ ರುಚಿ ನೋಡಿದ. ಚಮಚ ಕೆಳಗಿಟ್ಟು, ಎರಡೂ ಕೈ ಜೋಡಿಸಿ ತಲೆಬಾಗಿದ. ನನ್ನ ಗಂಡನೂ ತಲೆಬಾಗಿದರು. ನಾನು ಅವರನ್ನು ಅಂದೇ ಮೊದಲು ನೋಡಿದೆನೇನೋ ಅನ್ನಿಸಿತು.

ಗಿರಾಕಿಗಳು ಖಾಲಿಯಾದ ಮೇಲೆ ಇಸ್ಮಾಯಿಲ್ ಬಂದು ಎದುರು ಕೂತರು.

"ಮಾಮಿ ನಿಮ್ಮನ್ನು ಕರಕೊಂಡು ಬರಲಿಕ್ಕೆ ಹೇಳಿದ್ದಾರೆ," ಎಂದೆ. "ಅಂಗಡಿಯಲ್ಲಿ ಕೂರಲಿಕ್ಕೆ."

ಅವರು ಮೇಜು ಒರೆಸುತ್ತಾ, "ಗೊತ್ತುಂಟು. ನಿನಗೇನು ಕಾಣ್ತದೆ?" ಎಂದರು.

"ನೀವು ನನ್ನೊಟ್ಟಿಗೆ ಇರಬೇಕು ಅಂತ ಕಾಣ್ತದೆ. ಆದರೆ ಅಂಗಡಿಯಲ್ಲಿ ಬಟ್ಟೆ ಅಳೆದುಕೊಂಡು ಅಲ್ಲ. ಬನ್ನಿ, ಬಂದು ಅಡುಗೆಯನ್ನೇ ಮಾಡಿ."

"ಮಡಂತ್ಯಾರಿನಲ್ಲಿ ಇದನ್ನು ಯಾರು ತಿಂತಾರೆ ಮಾರಾಯ್ತಿ?"

"ನಾನು ತಿಂದೆನಲ್ಲ?"

ಅವರು ಜೋರಾಗಿ ನಕ್ಕರು. ಒಳಗಿನಿಂದ ಒಡತಿ ಇಣುಕಿ ನೋಡಿದರು. "ಇವರ ಹತ್ತಿರ ಕಲಿಯುವುದು ಇನ್ನೂ ಉಂಟು. ಒಂದು ವರ್ಷ ಕೊಡು," ಎಂದರು ಇಸ್ಮಾಯಿಲ್.

ಕೊಟ್ಟೆ.

ವೀಸಾದ ಅವಧಿ ಮುಗಿದು ಒಬ್ಬಳೇ ಮರಳಿದೆ. ಜೀಪಿನ ಹಿಂದಿನ ಸೀಟು ಖಾಲಿಯಿದ್ದುದನ್ನು ನೋಡಿ ಅತ್ತೆಯ ಮುಖ ಬಾಡಿತು. ಒಳಗೆ ಕೂತು ನೋಡಿದ್ದನ್ನೆಲ್ಲ ಹೇಳಿದೆ: ಬೆಂಕಿ, ಒರಳು, ಆ ಹಿರಿಯವನ ಜೋಡಿಸಿದ ಕೈ. ಅವರು ಮೆಲ್ಲಗೆ ಕೇಳಿದರು:

"ನಮ್ಮ ಇಸ್ಮಾಯಿಲನಾ?"

"ಹೌದು ಮಾಮಿ," ಎಂದೆ. "ನಮ್ಮವರೇ."